ಅಭಾವಕ್ಕೆ ಅಕ್ಷತೆ: ಗದ್ದೆಯಂಚಿನ ಗಿಡಗಳನ್ನು ಕುರಿತು ಒಂದು ಧರ್ಮಚಿಂತನೆ

ಪೂಜಾಕಾಲದಲ್ಲಿ ನಾವೆಲ್ಲರೂ ಕೇಳುತ್ತ ಬಂದಿರುವ, ಹೇಳುತ್ತ ಬಂದಿರುವ ಒಂದು ಮಾತುಂಟು. ವಸ್ತ್ರದ ಅಭಾವದಲ್ಲಿ ಅಕ್ಷತೆ, ಆಭರಣದ ಅಭಾವದಲ್ಲಿ ಅಕ್ಷತೆ, ಹೇಳಿದ ಹೂವು ಒದಗದಿದ್ದರೆ ಅಕ್ಷತೆ. ಬಡವನು ಪೂಜೆಯಿಂದ ವಂಚಿತನಾಗಬಾರದೆಂಬ ಕರುಣೆಯಿಂದ ಹಿರಿಯರು ತೆರೆದಿಟ್ಟ ಬಾಗಿಲು ಇದು. ಊರು ಬಿಟ್ಟು ಮಹಾನಗರ ಸೇರಿದ ನಮ್ಮಂಥವರಿಗೆ ಈ ಬಾಗಿಲು ಇನ್ನೂ ಹತ್ತಿರವಾಯಿತು. ಗಣೇಶನ ಚೌತಿಯಂದು ಇಪ್ಪತ್ತೊಂದು ಪತ್ರೆಗಳ ನಾಮಾವಳಿ ಸಾಗುತ್ತಿರುತ್ತದೆ; ನಮ್ಮ ತಟ್ಟೆಯಲ್ಲಿರುವುದು ಗರಿಕೆ, ತುಲಸಿ, ಮಾವು, ಹೆಚ್ಚೆಂದರೆ ಬಿಲ್ವ. ಉಳಿದ ಹೆಸರುಗಳಿಗೆಲ್ಲ ಅಕ್ಷತೆಯ ಕಾಳು ಬೀಳುತ್ತ ಹೋಗುತ್ತದೆ. ಯಾರ ಮನಸ್ಸಿಗೂ ಅದರಿಂದ ಕಸಿವಿಸಿಯಾಗುವುದಿಲ್ಲ. ನನಗೂ ಆಗುತ್ತಿರಲಿಲ್ಲ. 'ಅಭಾವ' ಎಂಬ ಈ ಮಾತಿಗೆ ಏನಾದರೂ ಹೊಣೆ ಅಂಟಿಕೊಂಡಿದೆಯೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಕೊಲ್ಕತ್ತೆಯ ಎಸ್ಪ್ಲನೇಡ್‌ನ ಕಾಲುದಾರಿಯಲ್ಲಿ, ಸೊಪ್ಪು ಮಾರುವ ಒಬ್ಬ ಮುದುಕಿಯ ಬುಟ್ಟಿಯ ಮುಂದೆ. ಆ ವಿಚಾರವನ್ನು ವಾಚಕ ಮಹಾಶಯರೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಆಶ್ವಯುಜ ಬಹುಳ ಚತುರ್ದಶಿ ನಮಗೆ ನರಕ ಚತುರ್ದಶಿ. ಬಂಗಾಳದವರಿಗೆ ಅದೇ ತಿಥಿ ಭೂತ ಚತುರ್ದಶಿ. ಅದರ ಬೆನ್ನಿಗೇ ಕಾಳೀಪೂಜೆ. ನಮ್ಮ ಮನೆಗಳಲ್ಲಿ ಅಂದು ಬೆಳಗಿನ ಜಾವದ ಅಭ್ಯಂಗ. ಸ್ನಾನದ ನಡುವೆ ಅಪಾಮಾರ್ಗ, ತುಂಬಿ, ಚಕ್ರಮರ್ದಗಳನ್ನು, ಅಂದರೆ ಉತ್ತರಣಿ, ಸೋರೆ, ತಗಚೆಗಳನ್ನು, ತಲೆಯ ಸುತ್ತ ನಿವಾಳಿಸಬೇಕೆಂದು ಧರ್ಮಶಾಸ್ತ್ರದ ನಿಬಂಧಗಳು ವಿಧಿಸುತ್ತವೆ. ಆ ಉತ್ತರಣಿಯ ಜೊತೆಗೆ ನೇಗಿಲ ಸಾಲಿನ ಮಣ್ಣಿನ ಹೆಂಟೆಯೂ ಇರಬೇಕು ಎಂಬುದು ಅಲ್ಲಿಯ ಮಂತ್ರದಿಂದಲೇ ತಿಳಿದುಬರುತ್ತದೆ. ಬಂಗಾಳದ ಮನೆಗಳಲ್ಲಿ ಅಂದು ಸಂಜೆ ಹದಿನಾಲ್ಕು ದೀಪ ಹಚ್ಚುತ್ತಾರೆ, ಹದಿನಾಲ್ಕು ಬಗೆಯ ಸೊಪ್ಪನ್ನು ಒಟ್ಟಿಗೆ ಬೇಯಿಸಿ ಉಣ್ಣುತ್ತಾರೆ. ಇದಕ್ಕೆ 'ಚೋದ್ದೋ ಶಾಕ್' ಎಂದು ಹೆಸರು. ಈ ಹದಿನಾಲ್ಕರ ಪಟ್ಟಿಯನ್ನು 16ನೆಯ ಶತಮಾನದ ನವದ್ವೀಪದ ಧರ್ಮಶಾಸ್ತ್ರಜ್ಞ ರಘುನಂದನ ಭಟ್ಟಾಚಾರ್ಯರ ಹೆಸರಿನೊಡನೆ ಅವರು ಸೇರಿಸಿ ಹೇಳುತ್ತಾರೆ.

ಆ ಪಟ್ಟಿಯನ್ನು ಕನ್ನಡಿಗರ ಕಣ್ಣಿನಿಂದ ನೋಡಿದರೆ ಅನೇಕ ಹಳೆಯ ಪರಿಚಯಗಳು ಸಿಗುತ್ತವೆ. ಅವರ ಶಾಲಿಂಚ ನಮ್ಮ ಹೊನಗೊನ್ನೆ. ಅವರ ಗುಲಂಚ ನಮ್ಮ ಅಮೃತಬಳ್ಳಿ. ಅವರ ಓಲ್ ನಮ್ಮ ಸುವರ್ಣಗಡ್ಡೆಯ ಎಳೆಯ ಎಲೆ. ಕಾಲಕಾಸುಂದಾ ನಮ್ಮ ತಗಚೆಯ ಕುಲದ್ದು. ಜಯಂತಿ ನಮ್ಮ ಅಗಸೆಯ ಕುಲದ್ದು. ಬೇತೋ ನಮ್ಮ ಚಕ್ರವರ್ತಿ ಸೊಪ್ಪಿನ ಬಂಧು. ಬೇವು, ಸಾಸಿವೆಗಳಂತೂ ಎರಡು ಕಡೆಯೂ ಇವೆ. ನೀರಿನಂಚಿನಲ್ಲಿ ಹರಡುವ ಹೆಲೆಂಚಾ, ನಾಲ್ಕು ಎಸಳಿನ ಎಲೆಯ ಶುಷ್ನಿ ಇವು ಬಂಗಾಳದ ತಗ್ಗು ಗದ್ದೆಗಳ ವಿಶೇಷ.

ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಸಾಸಿವೆಯಂಥ ಒಂದೆರಡನ್ನು ಬಿಟ್ಟರೆ ಇವು ಹೊಲದೊಳಗೆ ಬಿತ್ತಿ ಬೆಳೆಯುವ ಪೈರುಗಳಲ್ಲ. ಘೋರಾರಣ್ಯದ ಮೂಲಿಕೆಗಳೂ ಅಲ್ಲ. ಇವು ಬೆಳೆಯುವುದು ಪೈರು ಮುಗಿದು ದಾರಿ ತೊಡಗುವ ನಡುವಣ ಗೇಣಗಲದ ನೆಲದಲ್ಲಿ: ಬಯಲುಸೀಮೆಯವರು ಬದು ಎನ್ನುವ, ಕರಾವಳಿಯವರು ಕಟ್ಟಪುಣಿ ಎನ್ನುವ, ಬಂಗಾಳದವರು ಆಲ್ ಎನ್ನುವ ಆ ಅಂಚಿನಲ್ಲಿ, ಇಲ್ಲವೇ ಬೇಲಿಯ ಬುಡದಲ್ಲಿ, ಕೆರೆಯ ದಡದಲ್ಲಿ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿಯೂ ಉತ್ತರಣಿ, ಗರಿಕೆ, ಎಕ್ಕ, ಉಮ್ಮತ್ತಿ, ಲಕ್ಕಿ, ಗುಳ್ಳ, ಬೋರೆ, ವಿಷ್ಣುಕ್ರಾಂತಿ ಇವೆಲ್ಲ ಅಂಚಿನ ನಿವಾಸಿಗಳೇ. ದೇಶ ಬೇರೆ, ಭಾಷೆ ಬೇರೆ, ದೇವರನ್ನು ಕರೆಯುವ ಹೆಸರೂ ಬೇರೆ. ಆದರೂ ಯಾರೂ ಬಿತ್ತದ, ಯಾರೂ ಮಾರದ ಈ ಗಿಡಗಳನ್ನು ವರ್ಷಕ್ಕೊಮ್ಮೆಯಾದರೂ ಮನೆಯೊಳಗೆ ಕರೆಯಬೇಕೆಂದು ಎರಡು ಕಡೆಯ ಹಿರಿಯರೂ ಬಗೆದರು.

ಇನ್ನು ಆ ಮುದುಕಿಯ ವಿಷಯ. ಕೆಲವು ವರ್ಷಗಳ ಹಿಂದೆ ಹಬ್ಬದ ಹಿಂದಿನ ದಿನ ಉತ್ತರಣಿ ಎಲ್ಲಿಯಾದರೂ ಸಿಕ್ಕೀತೇ ಎಂದು ಹುಡುಕುತ್ತ ನ್ಯೂ ಮಾರ್ಕೆಟ್ಟಿನ ಬೀದಿಗಳಲ್ಲಿ ಅಲೆದು ಎಸ್ಪ್ಲನೇಡ್ ಕಡೆಗೆ ಬಂದಿದ್ದೆ. ಅವಳ ಮುಂದೆ ಸಣ್ಣಗೆ ಹೆಚ್ಚಿ ರಾಶಿ ಮಾಡಿದ ಹಸಿರು ಸೊಪ್ಪು. ಇಲ್ಲಿಯವರು ಕರೆಯುವಂತೆ ನಾನೂ ಮಾಶಿ ಎಂದೇ ಕರೆದು, "ಎಷ್ಟು ಬಗೆ ಇದೆ?" ಎಂದೆ. "ಹದಿನಾಲ್ಕು, ಬಾಬು" ಎಂದಳು. "ಹೆಸರು ಹೇಳಿ ಎಣಿಸುತ್ತೀರಾ?" ಎಂದಾಗ ನಕ್ಕಳು. "ಹೆಚ್ಚಿದ ಮೇಲೆ ಎಣಿಸುವವರು ಯಾರು? ಪಾಲಕ್ ಇದೆ, ಮೂಲಂಗಿ ಸೊಪ್ಪು ಇದೆ, ಕೆಂಪು ದಂಟು ಇದೆ, ಕುಂಬಳದ ಕುಡಿ ಇದೆ. ಪಂಜಿಕೆಯಲ್ಲಿ ಹೇಳಿದ ಹದಿನಾಲ್ಕರಲ್ಲಿ ನಾಲ್ಕೋ ಐದೋ ಇದ್ದಾವು. ಉಳಿದದ್ದನ್ನು ಎಲ್ಲಿಂದ ತರಲಿ? ಆಲ್ ಇದ್ದರಲ್ಲವೇ?" ಎಂದಳು.

ನಾನು ಉತ್ತರಣಿಯನ್ನು ಕೇಳಿದೆ. ಬಂಗಾಳಿಯಲ್ಲಿ ಅದು ಆಪಾಂಗ್. "ಅದನ್ನು ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ತರುವುದಿಲ್ಲ. ಹಿಂದೆ ನಮ್ಮ ಆಲ್ ಮೇಲೆ ನಡೆದರೆ ಅದರ ಬೀಜ ಸೀರೆಗೆಲ್ಲ ಅಂಟಿಕೊಳ್ಳುತ್ತಿತ್ತು" ಎಂದು ತನ್ನ ಸೀರೆಯ ಅಂಚನ್ನು ತೋರಿಸಿದಳು. ಬಳಿಕ ಮಾತಿಗೆ ಮಾತೆಂದು, "ಬಾಬು ಇರುವುದೆಲ್ಲಿ?" ಎಂದು ಕೇಳಿದಳು. ನಿವೃತ್ತನಾದ ಮೇಲೆ ನಾನು ಪೂರ್ವದ ಅಂಚಿನ ನ್ಯೂ ಟೌನಿನಲ್ಲಿ ಒಂದು ಫ್ಲಾಟು ಮಾಡಿಕೊಂಡಿದ್ದೇನೆ. ಹಾಗೆಂದು ಹೇಳಿದೆ. "ಹೌದೇ? ಆ ಕಡೆಯ ಗದ್ದೆಗಳಲ್ಲಿಯೇ ನನ್ನ ತಾಯಿ ಶುಷ್ನಿ ಕೀಳುತ್ತಿದ್ದಳು" ಎಂದಳು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಪರಿಚಿತರ ಊರು ಒಂದೇ ಎಂದು ತಿಳಿದಾಗ ಆಗುವ ಸಂತೋಷವಷ್ಟೇ ಇತ್ತು. ಆದರೆ ಬರಿಗೈಯಲ್ಲಿ ಮನೆಗೆ ಹಿಂತಿರುಗಿ ಮರುದಿನ ಬೆಳಗಿನ ಜಾವ ಉತ್ತರಣಿಗೆ ಬದಲಾಗಿ ಅಕ್ಷತೆಯನ್ನು ಹಿಡಿದಾಗ, ಎಂದೂ ತಡೆಯದ ಕೈ ಅಂದು ತಡೆಯಿತು. ಉತ್ತರಣಿ 'ಇಲ್ಲ' ಎನ್ನುವುದಕ್ಕೆ ನನಗೆ ಅಧಿಕಾರವಿದೆಯೇ?

ಈ ನಗರದ ಅಂಚು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಸ್ವಲ್ಪ ನೋಡೋಣ. ಎಸ್ಪ್ಲನೇಡ್ ಎಂಬ ಹೆಸರಿಗೇ ಕೋಟೆಯ ಮುಂದೆ ತೆರವು ಮಾಡಿದ ಬಯಲು ಎಂದರ್ಥ. 1757ರ ಪ್ಲಾಸೀ ಯುದ್ಧದ ಬಳಿಕ ಇಂಗ್ಲಿಷರು ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟಲು ತೊಡಗಿದರು. 1781ರ ವೇಳೆಗೆ ಅದು ಮುಗಿಯಿತು. ಅದಕ್ಕಾಗಿ ಗೋವಿಂದಪುರವೆಂಬ ಗ್ರಾಮದವರನ್ನು ಎಬ್ಬಿಸಿದರು, ಫಿರಂಗಿಯ ಗುಂಡಿಗೆ ಅಡ್ಡಿಯಾಗದಂತೆ ಸುತ್ತಲ ಕಾಡನ್ನು ಕಡಿದರು. ಹೀಗೆ ಇಂದಿನ ನಗರದ ನಟ್ಟನಡುವಣ ಈ ಸ್ಥಳ ಒಂದು ಕಾಲದಲ್ಲಿ ನಗರದ ಅಂಚಾಗಿತ್ತು. ಪೂರ್ವಕ್ಕೆ, 1742ರಲ್ಲಿ ಮರಾಠರ ದಾಳಿಯ ಭಯದಿಂದ ತೋಡಿದ ಕಂದಕವೇ ಊರಿನ ಎಲ್ಲೆ. ಮುಂದೆ ಅದನ್ನು ಮುಚ್ಚಿ ಸರ್ಕ್ಯುಲರ್ ರಸ್ತೆ ಮಾಡಿದರು. 1962ರಿಂದ ಹೂಗ್ಲಿಯ ಹೂಳನ್ನು ತುಂಬಿ ಉಪ್ಪುನೀರಿನ ಜೌಗನ್ನು ಎತ್ತರಿಸಿ ಸಾಲ್ಟ್ ಲೇಕ್ ಬಡಾವಣೆಯನ್ನು ಕಟ್ಟಿದರು. 1990ರ ದಶಕದ ಕೊನೆಯಿಂದ ರಾಜಾರ್‌ಹಾಟ್ ಕಡೆಯ ಗದ್ದೆಗಳಲ್ಲಿ ನ್ಯೂ ಟೌನ್ ಎದ್ದಿತು. ಎಸ್ಪ್ಲನೇಡ್‌ನಿಂದ ಭವಾನಿಪುರಕ್ಕೆ ದೇಶದ ಮೊದಲ ಸುರಂಗ ರೈಲು ಓಡಿದ್ದು 1984ರಲ್ಲಿ. ಅದೇ ಎಸ್ಪ್ಲನೇಡ್‌ನಿಂದ ಇಂದು ಸಾಲ್ಟ್ ಲೇಕಿಗೂ ಸುರಂಗದ ಹಾದಿಯಿದೆ. ನಗರದ ಅಂಚು ಹೀಗೆ ಸರಿಯುತ್ತ ಹೋಗುತ್ತದೆ. ಅಂಚಿನ ಗಿಡ ಮಾತ್ರ ಅದರೊಡನೆ ಸರಿಯಲಾರದು.

ಈ ಓಟವನ್ನು ತಡೆದ ಉದಾಹರಣೆಯೂ ಇಲ್ಲಿಯೇ ಇದೆ. ನಗರದ ಪೂರ್ವಕ್ಕೆ ಚರಂಡಿಯ ನೀರಿನಿಂದ ಮೀನು, ಬತ್ತ, ತರಕಾರಿ ಬೆಳೆಯುವ ವಿಶಾಲವಾದ ಜೌಗು ಪ್ರದೇಶವಿದೆ. ಅಲ್ಲಿಯ ಕೊಳಗಳ ದಡಗಳನ್ನು ಅಲೆಗಳ ಹೊಡೆತದಿಂದ ಕಾಪಾಡಲು ಅಂತರಗಂಗೆಯ ಒತ್ತಾದ ಅಂಚನ್ನು ಬೇಕೆಂದೇ ಬೆಳೆಯಬಿಡುತ್ತಾರೆ. ನಗರವು ಕಳೆ ಎಂದು ಬಯ್ಯುವ ಗಿಡ ಅಲ್ಲಿ ಒಡ್ಡಿನ ಕಾವಲುಗಾರ. ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರರು ಈ ರೈತರ ವಿದ್ಯೆಯನ್ನು ಅಭ್ಯಸಿಸಿ ಲೋಕಕ್ಕೆ ತಿಳಿಸಿದರು. 2018ರಲ್ಲಿ ಅವರು ತೀರಿಕೊಂಡರು. 1992ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು ಈ ಪ್ರದೇಶದ ರಕ್ಷಣೆಗೆ ತೀರ್ಪಿತ್ತಿತು. 2002ರಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶಕ್ಕೆ ರಾಮ್ಸಾರ್ ಒಪ್ಪಂದದ ಅನ್ವಯ ಅಂತಾರಾಷ್ಟ್ರೀಯ ಮನ್ನಣೆ ಬಂದಿತು. ಒತ್ತುವರಿ ಇಂದಿಗೂ ನಿಂತಿಲ್ಲವಾದರೂ, ಮನುಷ್ಯರು ಮನಸ್ಸು ಮಾಡಿದರೆ ಅಂಚು ಉಳಿದೀತೆಂಬುದಕ್ಕೆ ಇದು ಸಾಕ್ಷಿ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಸಂಶಯ ಇದು: ಅಂಚಿನ ಗಿಡ ಇಲ್ಲವಾದಾಗ ಅಕ್ಷತೆಯಿಂದ ಪೂರೈಸುವವನಿಗೆ ದೋಷವುಂಟೇ, ಇಲ್ಲವೇ?

ದೋಷವಿಲ್ಲವೆಂಬ ಪಕ್ಷವನ್ನು ನ್ಯಾಯವಾಗಿಯೇ ಮಂಡಿಸಬೇಕು. ಮೊದಲನೆಯದಾಗಿ, ಪ್ರತಿನಿಧಿಯನ್ನು ಶಾಸ್ತ್ರವೇ ಒಪ್ಪಿದೆ. ಸೋಮಲತೆ ದೊರೆಯದಿದ್ದರೆ ಪೂತೀಕವನ್ನು ಹಿಂಡಬಹುದೆಂದು ಶ್ರುತಿಯೇ ಹೇಳುತ್ತದೆ. ಎರಡನೆಯದಾಗಿ, ಭಗವಂತನು ಭಾವವನ್ನು ನೋಡುತ್ತಾನೆ, ಎಲೆಯನ್ನಲ್ಲ. ಮೂರನೆಯದಾಗಿ, ಅಂಚೆಂಬುದು ಹಾವು ಹುಳಗಳ ತಾಣ, ಕಳೆಯ ತವರು. ಅದು ಹೋದರೆ ನಷ್ಟವೇನು? ನಾಲ್ಕನೆಯದಾಗಿ, ಮನುಷ್ಯನಿಗೆ ಮನೆ ಬೇಕು. ಹೊಟ್ಟೆಪಾಡಿಗಾಗಿ ಸಾವಿರಾರು ಮೈಲಿ ದೂರ ಬಂದವನು ಎಲ್ಲಾದರೂ ತಲೆಯೂರಲೇಬೇಕು. ಅವನ ತಲೆಯ ಮೇಲೆ ಗರಿಕೆಯ ಹೊಣೆಯನ್ನೂ ಹೊರಿಸುವುದು ನ್ಯಾಯವೇ?

ಮೊದಲನೆಯ ಆಕ್ಷೇಪಕ್ಕೆ ಸಮಾಧಾನ. ಸೋಮವು 'ದೊರೆಯದಿದ್ದರೆ' ಎಂಬ ಮಾತಿನಲ್ಲಿಯೇ ಹುಡುಕಾಟ ಅಡಗಿದೆ. ಹುಡುಕದವನಿಗೆ ದೊರೆಯದಿರುವುದು ಅಭಾವವಲ್ಲ, ಆಲಸ್ಯ. ಮುಖ್ಯಕಲ್ಪವನ್ನು ನಡೆಸಲು ಶಕ್ತನಾಗಿದ್ದೂ ಅನುಕಲ್ಪದಿಂದ ಸುಧಾರಿಸಿಕೊಳ್ಳುವವನಿಗೆ ಪರಲೋಕದಲ್ಲಿ ಫಲವಿಲ್ಲವೆಂದು ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಕಟುವಾಗಿಯೇ ಹೇಳುತ್ತಾನೆ. ಇನ್ನು, ಇರುವುದನ್ನು ತಾನೇ ಇಲ್ಲವಾಗಿಸಿ 'ಇಲ್ಲ' ಎನ್ನುವವನ ಗತಿಯೇನು? ಬಾವಿಗೆ ಮಣ್ಣು ತುಂಬಿಸಿದವನು ಅತಿಥಿಯ ಮುಂದೆ ಕೈಮುಗಿದು 'ನೀರಿಲ್ಲ ಸ್ವಾಮಿ' ಎಂದರೆ ಆ ಮಾತು ನಿಜವೇ ಆದರೂ ಸತ್ಯವಲ್ಲ.

ಪ್ರತಿನಿಧಿಯ ವಿಚಾರದಲ್ಲಿ ಇನ್ನೊಂದು ಮಾತುಂಟು. ಪ್ರತಿನಿಧಿಯು ಮೂಲವಸ್ತುವಿಗೆ ಸದೃಶವಾಗಿರಬೇಕೆಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಯಜ್ಞಕ್ಕೆ ವ್ರೀಹಿ, ಎಂದರೆ ಬತ್ತ, ಇಲ್ಲವಾದರೆ ನೀವಾರವನ್ನು ತೆಗೆದುಕೊಳ್ಳಬೇಕೆಂಬುದು ಅವರ ಪ್ರಸಿದ್ಧ ಉದಾಹರಣೆ. ನೀವಾರವೆಂದರೆ ಯಾರೂ ಬಿತ್ತದೆ ಕೆರೆಯ ಅಂಚಿನಲ್ಲಿ, ಗದ್ದೆಯ ಬದಿಯ ತಗ್ಗಿನಲ್ಲಿ ತಾನಾಗಿ ಬೆಳೆಯುವ ಕಾಡುಬತ್ತ. ಗದ್ದೆಯೊಳಗಿನದು ಕೈಕೊಟ್ಟಾಗ ನೆರವಿಗೆ ಬರುವ ಉಗ್ರಾಣ ಗದ್ದೆಯ ಅಂಚಿನಲ್ಲಿದೆ. ಅಂಚನ್ನೇ ಅಳಿಸಿದರೆ ಮುಖ್ಯದ ಜೊತೆಗೆ ಪ್ರತಿನಿಧಿಯೂ ಹೋಯಿತು.

ಇದು ಕೇವಲ ಪಂಡಿತರ ತರ್ಕವೆಂದು ಎಣಿಸಬಾರದು. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳಿಗೆ ಬತ್ತದ ಗಿಡವನ್ನು ಹುಲ್ಲಿನಂತೆ ಕುಬ್ಜಗೊಳಿಸುವ ಒಂದು ವಿಷಾಣು ರೋಗ ತಗುಲಿತು. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ಸಾವಿರಾರು ತಳಿಗಳನ್ನು ಪರೀಕ್ಷಿಸಿದರು. ತಡೆಯುವ ಶಕ್ತಿ ಕಂಡುಬಂದದ್ದು ನಮ್ಮ ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಕಾಡುಬತ್ತದ ಒಂದು ಮಾದರಿಯಲ್ಲಿ. ಅದರ ಗುಣವನ್ನು ಸೇರಿಸಿದ ಐಆರ್ 36 ಎಂಬ ತಳಿ 1976ರಲ್ಲಿ ಬಿಡುಗಡೆಯಾಗಿ ಕೋಟ್ಯಂತರ ಜನರ ಅನ್ನವನ್ನು ಕಾಪಾಡಿತು. ಆ ಕಾಡುಬತ್ತಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ಓರೈಜಾ ನೀವಾರ. ಮೀಮಾಂಸಕರ ನೀವಾರ ಮನುಷ್ಯಕುಲದ ಆಪತ್ಕಾಲಕ್ಕೆ ಅಕ್ಷರಶಃ ಪ್ರತಿನಿಧಿಯಾಗಿ ಬಂದಿತು. ಅದನ್ನು ಸಂಗ್ರಹಿಸುವ ಮೊದಲೇ ಆ ಕೆರೆಯಂಚಿಗೆ ಮಣ್ಣು ಬಿದ್ದಿದ್ದರೆ ಯಾವ ಅಕ್ಷತೆ ಅದರ ಸ್ಥಾನವನ್ನು ತುಂಬುತ್ತಿತ್ತು?

ನಮ್ಮ ಸಿದ್ಧಾಂತದ ದೃಷ್ಟಿಯಿಂದಲೂ ವಿಚಾರಿಸಬೇಕು. ಭೇದವು ಸತ್ಯವೆಂಬುದು ಶ್ರೀಮದಾಚಾರ್ಯರ ಮತ. ಜೀವ ಜೀವಗಳಿಗೆ ಭೇದ, ಜಡ ಜಡಗಳಿಗೆ ಭೇದ. ಒಂದು ವಸ್ತುವಿನ ಸ್ವರೂಪ ಇನ್ನೊಂದಕ್ಕಿಲ್ಲ. ತಾರತಮ್ಯದ ಶ್ರೇಣಿಯಲ್ಲಿ ತೃಣಜೀವರಿಗೂ ತಮ್ಮದೇ ಆದ ಸ್ಥಾನವುಂಟು. ಸ್ಥಾವರಗಳಿಗೂ ಒಳಗಿನ ಅರಿವಿದೆ, ಸುಖದುಃಖವಿದೆ ಎಂದು ಮನುಸ್ಮೃತಿ ಹೇಳುತ್ತದೆ. ಇದೇ ನಗರದಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಮುಟ್ಟಿದರೆ ಮುನಿಯಂಥ ಸಾಮಾನ್ಯ ಗಿಡಗಳು ಪ್ರಚೋದನೆಗೆ ಹೇಗೆ ಪ್ರತಿಕ್ರಿಯಿಸುತ್ತವೆಂಬುದನ್ನು ಸೂಕ್ಷ್ಮಯಂತ್ರಗಳಿಂದ ದಾಖಲಿಸಿದರು. ಅವರು 1917ರಲ್ಲಿ ಸ್ಥಾಪಿಸಿದ ಸಂಸ್ಥೆ ನಿಂತಿರುವುದು ಆ ಹಳೆಯ ಸರ್ಕ್ಯುಲರ್ ರಸ್ತೆಯಲ್ಲಿಯೇ. ಭೇದವು ಸತ್ಯವಾದರೆ ಹೊನಗೊನ್ನೆಯು ಪಾಲಕ್ ಆಗಲಾರದು, ಉತ್ತರಣಿಯು ಕೊತ್ತಂಬರಿಯಾಗಲಾರದು. ಎಲ್ಲ ಹಸಿರೂ ಒಂದೇ ಎಂದು ಹೆಚ್ಚಿ ಬೆರೆಸಿ ಹದಿನಾಲ್ಕು ಎನ್ನುವುದು, ಎಲ್ಲವನ್ನೂ ಒಂದು ಹಿಡಿ ಅಕ್ಷತೆಯಲ್ಲಿ ಮುಗಿಸುವುದು, ಬಾಯಿಯಲ್ಲಿ ಭೇದವನ್ನು ಹೇಳಿ ಕೈಯಲ್ಲಿ ಅದನ್ನು ಅಲ್ಲಗಳೆದಂತೆ. ಆ ಮುದುಕಿಯನ್ನು ನಾನು ದೂಷಿಸುತ್ತಿಲ್ಲ. ಅವಳಿಗೆ ಹದಿನಾಲ್ಕರ ಹೆಸರೂ ಗೊತ್ತು, ಯಾವುದು ಇಲ್ಲವೆಂಬುದೂ ಗೊತ್ತು. ಕೇಳಿದಾಗ ನಿಜವನ್ನೇ ಹೇಳಿದಳು. ಹೆಸರು ಗೊತ್ತಿಲ್ಲದೆ ಕೊಳ್ಳುವವರು ನಾವು.

ಎರಡನೆಯದು ಭಾವದ ವಿಚಾರ. ಭಗವಂತನು ಗೀತೆಯಲ್ಲಿ ತನಗೆ ಬೇಕೆಂದದ್ದು ಎಲೆ, ಹೂವು, ಹಣ್ಣು, ನೀರು. ಈ ನಾಲ್ಕನ್ನೇ ಏಕೆ ಹೇಳಿದನು? ಹಣವಿಲ್ಲದವನಿಗೂ ಇವು ಸಿಗುತ್ತವೆಂದು. ಎಲ್ಲಿ ಸಿಗುತ್ತವೆ? ತೋಟವಿದ್ದವನಿಗೆ ತೋಟದಲ್ಲಿ; ತೋಟವಿಲ್ಲದವನಿಗೆ ದಾರಿಯ ಬದಿಯಲ್ಲಿ, ಬದುವಿನ ಮೇಲೆ. ಅಂಚೆಂಬುದು ಬಡವನ ಪೂಜೆಯ ಭಂಡಾರ. ಅವನ ಅಡುಗೆಯ ಭಂಡಾರವೂ ಹೌದು; ಕೋಲಾರ, ಬೆಂಗಳೂರು ಸೀಮೆಯ ಹೆಂಗಸರು ಹೊಲದ ಬದುಗಳಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆಗಳನ್ನು ಆಯ್ದು ಬೆರಕೆ ಸೊಪ್ಪಿನ ಸಾರು ಮಾಡುತ್ತ ಬಂದದ್ದು ಎಲ್ಲರಿಗೂ ತಿಳಿದ ವಿಷಯ. ಇಂದು ಎಸ್ಪ್ಲನೇಡ್‌ನ ಆಸುಪಾಸಿನಲ್ಲಿ ಗರಿಕೆಗೂ ಬೆಲೆಯಿದೆ. ನಮಗೆ ಆ ಹತ್ತು ರೂಪಾಯಿ ಭಾರವಲ್ಲ. ಆದರೆ ಎಲೆಗೆ ಬೆಲೆ ಬಂದ ದಿನ ಭಗವಂತನ ಆ ಮಾತಿನ ಮೇಲೆ ನಾವು ಸುಂಕ ಹಾಕಿದಂತಾಯಿತು. ಭಾವವೇ ಮುಖ್ಯವೆಂಬುದು ಎಲೆಯಿಲ್ಲದ ಬಡವನನ್ನು ಸಂತೈಸುವ ಮಾತು. ಎಲೆಯನ್ನು ಅಳಿಸಿದವನು ಮರೆಹೊಗುವ ಮಾತಲ್ಲ.

ಮೂರನೆಯ ಆಕ್ಷೇಪ, ಅಂಚು ನಿರುಪಯೋಗಿಯೆಂಬುದು. ಯಾವ ಒಕ್ಕಲಿಗನನ್ನು ಕೇಳಿದರೂ ಇದಕ್ಕೆ ಉತ್ತರ ಸಿಗುತ್ತದೆ. ಗರಿಕೆಯ ಬೇರು ಬದುವಿನ ಮಣ್ಣನ್ನು ಹಿಡಿದಿರುವುದರಿಂದ ಗದ್ದೆಯ ನೀರು ನಿಲ್ಲುತ್ತದೆ. ತುಂಬೆಯ ಹೂವಿಗೆ ಬಂದ ಜೇನು ಪಕ್ಕದ ಎಳ್ಳು ಸಾಸಿವೆಗಳಿಗೂ ಹೋಗುತ್ತದೆ. ಪೈರಿನ ಹುಳುವನ್ನು ತಿನ್ನುವ ಜೇಡ, ಕಣಜ, ಕಪ್ಪೆಗಳು ಉಳುಮೆಯ ಕಾಲದಲ್ಲಿ ಅಡಗುವುದು ಅಂಚಿನಲ್ಲಿಯೇ. ಕಳೆಯೂ ಅಲ್ಲಿ ಬರುತ್ತದೆ ಎಂಬುದು ನಿಜ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಕಾಂಗ್ರೆಸ್ ಗಿಡ ಇಂದು ದೇಶದ ದಾರಿಬದಿಗಳನ್ನು ಆಕ್ರಮಿಸಿದೆ. ಆದರೆ ಅದು ಹೆಚ್ಚಾಗಿ ನುಗ್ಗುವುದು ಮಾಲೀಕನು ಮಾರಿ ಹೋದ, ಕೊಂಡವನು ಇನ್ನೂ ಕಟ್ಟದ, ದನ ಮೇಯದ, ಹುಲ್ಲು ಕೊಯ್ಯುವ ಕೈ ತಪ್ಪಿದ ನಿವೇಶನಗಳಿಗೆ. ಹಳೆಯ ಬದು ಪಾಳುಭೂಮಿಯಾಗಿರಲಿಲ್ಲ. ಪ್ರತಿದಿನ ಮೆಟ್ಟಿ, ಮೇಯಿಸಿ, ಕೊಯ್ದು ಅದನ್ನು ಹದವಾಗಿ ಇಟ್ಟುಕೊಂಡಿದ್ದರು.

ಧರ್ಮಶಾಸ್ತ್ರವು ಅಂಚನ್ನು ಎಷ್ಟು ಗೌರವದಿಂದ ಕಂಡಿತೆಂಬುದಕ್ಕೆ ಮನುವಿನ ಎಂಟನೆಯ ಅಧ್ಯಾಯವನ್ನು ನೋಡಬೇಕು. ಗ್ರಾಮಗಳ ಎಲ್ಲೆಯನ್ನು ಆಲ, ಅರಳಿ, ಮುತ್ತುಗ, ಬಿದಿರು, ಬನ್ನಿ, ಬಳ್ಳಿಗಳಿಂದ ಗುರುತಿಸಬೇಕೆಂದು ಅಲ್ಲಿ ಹೇಳಿದೆ. ಅಲ್ಲಿಯೇ ಇನ್ನೊಂದು ವಿಧಿಯಿದೆ. ಗ್ರಾಮದ ಸುತ್ತಲೂ ನೂರು ಧನುಸ್ಸು, ಅಂದರೆ ನಾನೂರು ಮೊಳ, ನೆಲವನ್ನು ದನಕರುಗಳಿಗಾಗಿ ಉಳದೆ ಬಿಡಬೇಕು. ನಗರಕ್ಕಾದರೋ ಅದರ ಮೂರರಷ್ಟು ಬಿಡಬೇಕು. ಊರು ಬೆಳೆದಷ್ಟೂ ಅದು ಬಿಟ್ಟುಕೊಡಬೇಕಾದ ಅಂಚು ಹಿರಿದಾಗಬೇಕೆಂಬುದು ಆ ವಿಧಿಯ ತಾತ್ಪರ್ಯ. ನಮ್ಮ ಕಾಲದಲ್ಲಿ ನಡೆದಿರುವುದು ನೇರವಾಗಿ ಇದರ ವಿಪರೀತ. ಗೃಹಸ್ಥನ ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದರಿಂದ ಅರಿಯದೆ ಆಗುವ ಹಿಂಸೆಗೆ ಪಂಚಮಹಾಯಜ್ಞಗಳನ್ನು ಹೇಳಿದೆ. ಅವುಗಳಲ್ಲಿ ಭೂತಯಜ್ಞವೂ ಒಂದು. ಮನೆಯ ಹೊರಗೆ ಕಾಗೆ, ನಾಯಿ, ಇರುವೆಗಳಿಗಾಗಿ ಇಡುವ ಬಲಿಯನ್ನು 'ವ್ಯರ್ಥವಾದ ಅನ್ನ' ಎಂದು ಯಾರಾದರೂ ಕರೆದಾರೆಯೇ? ಗದ್ದೆಗೂ ನೇಗಿಲಿನ ಹಿಂಸೆಯುಂಟು. ಉಳದೆ ಬಿಟ್ಟ ಅಂಚು ಆ ಗದ್ದೆಯು ಇಟ್ಟ ಬಲಿ.

ಇನ್ನು ನಾಲ್ಕನೆಯ ಆಕ್ಷೇಪ. ಇದು ನನ್ನದೇ ಆದದ್ದರಿಂದ ಕಠಿನವಾದದ್ದು. ಮನುಷ್ಯನಿಗೆ ಮನೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಯಾವನೋ ರೈತನ ಗದ್ದೆಯಾಗಿದ್ದ ನೆಲದ ಮೇಲೆ ನಿಂತೇ ಇದನ್ನು ಬರೆಯುತ್ತಿದ್ದೇನೆ. ಅದನ್ನು ಬಿಟ್ಟು ಹೋಗುವ ಶಕ್ತಿ ನನಗಿಲ್ಲ. ಆದರೆ ಮುಖ್ಯಕಲ್ಪಕ್ಕೆ ನಾನು ಎಂದೂ ಶಕ್ತನಾಗಿರಲಿಲ್ಲವೇ ಎಂದು ಕೇಳಿಕೊಂಡಾಗ ಒಂದು ಕಾಗದದ ನೆನಪಾಯಿತು. ಉಡುಪಿಯ ಕಡೆ ನಮ್ಮ ಪಾಲಿಗೆ ಉಳಿದಿದ್ದ ಒಂದು ಗದ್ದೆಯನ್ನು ನಿವೇಶನಗಳಿಗಾಗಿ ಮಾರುವ ಮಾತು ಬಂದಾಗ ಅಣ್ಣಂದಿರು ಕಾಗದಗಳನ್ನು ಅಂಚೆಯಲ್ಲಿ ಕಳುಹಿಸಿದರು. ನಾನು ಕೊಲ್ಕತ್ತೆಯಲ್ಲಿಯೇ ಕುಳಿತು ರುಜು ಹಾಕಿ ಹಿಂದಕ್ಕೆ ಕಳುಹಿಸಿದೆ. ಒಮ್ಮೆ ಹೋಗಿ ನೋಡೋಣವೆಂದೂ ಅನ್ನಿಸಲಿಲ್ಲ. ಆ ಗದ್ದೆಯ ಕಟ್ಟಪುಣಿಯಿಂದಲೇ ಅಮ್ಮ ಹಬ್ಬದ ಹಿಂದಿನ ಸಂಜೆ ಉತ್ತರಣಿ ಕಿತ್ತು ತರುತ್ತಿದ್ದರು. ಬೇಲಿಯ ಬಳ್ಳಿಯನ್ನು ಬಚ್ಚಲ ಹಂಡೆಯ ಕೊರಳಿಗೆ ಸುತ್ತುತ್ತಿದ್ದರು. ಕೊಂಡವರು ಕಾಲುದಾರಿಗೆಂದು ಒಂದು ಗಜ ಅಂಚನ್ನು ಬಿಡಬೇಕೆಂದು ಕರಾರಿನಲ್ಲಿ ಬರೆಸುವುದು ಅಂದು ಅಸಾಧ್ಯವಾಗಿರಲಿಲ್ಲ. ಹಾಗೆ ಕೇಳಬೇಕೆಂದು ಹೊಳೆಯಲೂ ಇಲ್ಲ. ಆದುದರಿಂದ ಎಸ್ಪ್ಲನೇಡ್‌ನಲ್ಲಿ ನಾನು ಹುಡುಕಿದ ಉತ್ತರಣಿಯ ಅಭಾವದ ಕೆಳಗೆ ನನ್ನ ರುಜುವೂ ಇದೆ. ಮುದುಕಿಯ ತಾಯಿಯ ಗದ್ದೆಯನ್ನು ನಾನು ಮಾರಲಿಲ್ಲ, ನಿಜ. ನನ್ನ ತಾಯಿಯ ಗದ್ದೆಯನ್ನು ಮಾರಿದೆ.

ಹಾಗಾದರೆ ಸಿದ್ಧಾಂತವೇನು? ಅಕ್ಷತೆಯನ್ನು ಹಾಕಬಾರದೆಂದಲ್ಲ. ಹಿರಿಯರ ಕರುಣೆಯ ಬಾಗಿಲನ್ನು ಮುಚ್ಚಲು ನಾವು ಯಾರು? ಹುಡುಕಿ ಸಿಗದವನು ನಿಶ್ಚಿಂತೆಯಿಂದ ಅಕ್ಷತೆಯನ್ನು ಹಾಕಲಿ. ಅಭಾವದಲ್ಲಿ ತನ್ನ ಪಾಲಿದೆಯೆಂದು ತಿಳಿದವನೂ ಹಾಕಲಿ. ಆದರೆ ಅವನಿಗೆ ಅದು ಸಾಲದ ಪತ್ರ, ತೀರುವಳಿಯ ರಸೀದಿಯಲ್ಲ. ಆ ಸಾಲವನ್ನು ಎಷ್ಟಾದರೂ ತೀರಿಸುತ್ತ ಹೋಗಬೇಕು.

ತೀರಿಸುವ ಬಗೆ ಕಷ್ಟವಾದದ್ದೇನಲ್ಲ. ಊರಿನಲ್ಲಿ ಇಂದಿಗೂ ತುಂಡು ಭೂಮಿಯಿರುವ ಕುಟುಂಬಗಳು ನಮ್ಮಲ್ಲಿ ಅನೇಕವಿವೆ. ಅಂಥವರು ನೋಡಿಕೊಳ್ಳುವವರಿಗೆ, ಬದುವಿನ ಮೇಲೆ ಕಳೆನಾಶಕ ಸಿಂಪಡಿಸಬೇಡಿರೆಂದು ಒಂದು ಮಾತು ಹೇಳಬಹುದು. ಮಾರಲೇಬೇಕಾದವರು ರುಜು ಹಾಕುವ ಮೊದಲು ಒಮ್ಮೆ ಹೋಗಿ ಅಂಚಿನ ಮೇಲೆ ನಡೆದು ಬರಬಹುದು. ಕೆರೆಯ ಬದಿಯ ಪಟ್ಟಿಯನ್ನಾದರೂ ಬಿಡಿಸಿಕೊಳ್ಳಬಹುದು. ಫ್ಲಾಟುಗಳಲ್ಲಿರುವವರು ಆವರಣದ ಗೋಡೆಯುದ್ದಕ್ಕೂ ಕಾಂಕ್ರೀಟು ಹಾಕಿಸುವ ಪ್ರಸ್ತಾಪ ಬಂದಾಗ ಎರಡಡಿ ಮಣ್ಣು ಉಳಿಯಲೆಂದು ಸಭೆಯಲ್ಲಿ ಕೇಳಬಹುದು. ನಾವು ಹಾಗೆ ಕೇಳಿದೆವು. ಸಿಕ್ಕಿದ್ದು ಒಂದೂವರೆ ಅಡಿ. ಅಲ್ಲಿ ಈಗ ಗರಿಕೆ, ತುಂಬೆ, ಒಂದು ಮೂಲೆಯಲ್ಲಿ ಉತ್ತರಣಿ ಇವೆ. ಮಕ್ಕಳ ಚೆಂಡನ್ನು ತರಲು ಹೋದವರ ಬಟ್ಟೆಗೆ ಬೀಜ ಅಂಟುತ್ತದೆಂದು ದೂರೂ ಬಂದಿದೆ. ಇದು ಗದ್ದೆಯ ಅಂಚಿಗೆ ಸಮವಲ್ಲವೆಂಬುದನ್ನು ಬಲ್ಲೆ. ಪ್ರತಿನಿಧಿ ಪ್ರತಿನಿಧಿಯೇ. ಆದರೆ ಹುಡುಕಿದವನ ಪ್ರತಿನಿಧಿ.

ಕೊನೆಯದಾಗಿ, ಸೊಪ್ಪಿನವಳ ಮುಂದೆ ನಿಂತಾಗ ಹೆಚ್ಚಿದ ರಾಶಿಯನ್ನು ಬಿಟ್ಟು ಹೆಸರು ಹೇಳಿ ಕೇಳಬೇಕು. ಕೇಳುವವರಿದ್ದರೆ ತರುವವರಿರುತ್ತಾರೆ; ತರುವವರಿದ್ದರೆ ಆ ಅಂಚಿಗೆ ಒಬ್ಬ ಕಾವಲುಗಾರ ಉಂಟಾಗುತ್ತಾನೆ. ಕಳೆದ ವರ್ಷ ಹಬ್ಬಕ್ಕೆ ವಾರ ಮೊದಲೇ ಹೋಗಿ ಆ ಮಾಶಿಗೆ ಶುಷ್ನಿ, ಹೆಲೆಂಚಾ, ಶಾಲಿಂಚಗಳನ್ನು ಹೆಸರಿಟ್ಟು ಹೇಳಿ ಬಂದಿದ್ದೆ. ಮೂರನ್ನೂ ಬೇರೆ ಬೇರೆ ಕಟ್ಟು ಕಟ್ಟಿ ತಂದಿದ್ದಳು, ಹೆಚ್ಚಿರಲಿಲ್ಲ. ಜೊತೆಗೆ ಕೇಳದೆಯೇ ಒಂದು ಹಿಡಿ ಆಪಾಂಗ್ ಇತ್ತು. ಬೇರಿಗೆ ಮಣ್ಣು ಅಂಟಿಯೇ ಇತ್ತು. ಅದಕ್ಕೆ ಬೆಲೆ ಎಷ್ಟೆಂದು ಕೇಳಿದೆ. "ಅದಕ್ಕೆ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ, ಬಾಬು? ಅದು ಆಲ್‌ದು" ಎಂದಳು.

॥ ಶ್ರೀಕೃಷ್ಣಾರ್ಪಣಮಸ್ತು ॥